ಒಂದೇ ಮಣ್ಣು, ಎರಡು ಪೈರು: ಹೊಳೆನರಸೀಪುರದ ರಾಜಮುಡಿ ಗದ್ದೆಯೊಂದರ ಪ್ರಕರಣ ಅಧ್ಯಯನ

ಪ್ರಕರಣದ ಹಿನ್ನೆಲೆ

ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿ ನಾಲೆಯ ಅಚ್ಚುಕಟ್ಟಿಗೆ ಸೇರಿದ ಒಂದು ಹಳ್ಳಿಯ ಎರಡು ಗದ್ದೆಗಳು ಈ ಅಧ್ಯಯನದ ವಿಷಯ. ಒಂದರ ಒಡೆಯರು ಅರವತ್ತು ದಾಟಿದ ಹಿರಿಯ ರೈತರು. ಇನ್ನೊಂದನ್ನು ಸಾಗುವಳಿ ಮಾಡುವವನು ಅವರ ತಮ್ಮನ ಮಗ. ಮನೆ ಪಾಲಾಗುವ ಮೊದಲು ಅದು ಒಂದೇ ಗದ್ದೆಯಾಗಿತ್ತು, ನಡುವಿನ ಬದುವನ್ನು ಹಾಕಿದ್ದು ಪಾಲಿನ ನಂತರ. ಹಾಗಾಗಿ ಮಣ್ಣಿನ ಗುಣ, ನೀರು ಬರುವ ತೂಬು, ಹಿಂದೆ ಬೆಳೆದ ಬೆಳೆಗಳು ಎಲ್ಲವೂ ಎರಡಕ್ಕೂ ಸಮಾನ. ಹಿರಿಯರು ತಮ್ಮ ತಂದೆಯ ಕಾಲದಿಂದ ಬಂದ ರಾಜಮುಡಿ ಎಂಬ ಎತ್ತರದ ನಾಡತಳಿ ಭತ್ತವನ್ನು ಬಿಟ್ಟವರಲ್ಲ. ತಮ್ಮನ ಮಗ ಐಆರ್-64 ಎಂಬ ಗಿಡ್ಡ ಭತ್ತದ ತಳಿಯನ್ನು ಹಾಕುತ್ತಾನೆ. ಆ ವರ್ಷ ಇಬ್ಬರೂ ಒಟ್ಟಿಗೇ ಗೊಬ್ಬರ ತಂದು, ಎಕರೆಗೆ ಎರಡೆರಡು ಚೀಲ ಯೂರಿಯಾ ಹಾಕಿದ್ದರು. ಮೇಲುಗೊಬ್ಬರದ ಕೊನೆಯ ಕಂತನ್ನು ಪೈರು ಹೊಡೆಯಾಗುವ, ಅಂದರೆ ತೆನೆ ಹೊರಬರುವ ಮುನ್ನ ಕಾಂಡ ಉಬ್ಬುವ, ಹೊತ್ತಿಗೆ ಎರಚಿದ್ದರು.

ವಿಶಾಖ ಮಳೆಯ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಗಾಳಿ ಸಹಿತ ಮಳೆ ಬಂತು. ಬೆಳಗಾಗುವಷ್ಟರಲ್ಲಿ ರಾಜಮುಡಿ ಗದ್ದೆ ಹೆಚ್ಚುಕಡಿಮೆ ಪೂರ್ತಿ ಮಲಗಿತ್ತು. ಬದುವಿನ ಆಚೆಗಿನ ಐಆರ್-64 ಸ್ವಲ್ಪ ಬಾಗಿದ್ದನ್ನು ಬಿಟ್ಟರೆ ನಿಂತೇ ಇತ್ತು. ನಾನು ಹೋದಾಗ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಮಣ್ಣು ಒಂದೇ, ನೀರು ಒಂದೇ, ಗೊಬ್ರಾನೂ ಒಂದೇ. ನಮ್ಮ ಬೀಜದಲ್ಲೇ ಸತ್ವ ಇಲ್ವಾ ಸಾರ್?"

ರೈತರು ಕೇಳುವ ಪ್ರಶ್ನೆಗಳಲ್ಲಿ ಇಷ್ಟು ಸ್ಪಷ್ಟವಾದವು ಅಪರೂಪ. ಸಾಮಾನ್ಯವಾಗಿ ಎರಡು ಗದ್ದೆಗಳನ್ನು ಹೋಲಿಸಲು ಹೊರಟರೆ ಮಣ್ಣು, ನೀರು, ನಾಟಿಯ ದಿನ, ಗೊಬ್ಬರ ಎಲ್ಲವೂ ಬೇರೆಬೇರೆಯಾಗಿದ್ದು, ಯಾವುದರಿಂದ ಏನಾಯಿತೆಂದು ಹೇಳುವುದೇ ಕಷ್ಟವಾಗುತ್ತದೆ. ಇಲ್ಲಿ ಬದಲಾಗಿದ್ದದ್ದು ತಳಿಯೊಂದೇ. ಸಂಶೋಧನಾ ಕೇಂದ್ರಗಳಲ್ಲಿ ಪ್ರಯಾಸಪಟ್ಟು ಏರ್ಪಡಿಸುವ ಇಂಥ ಹೋಲಿಕೆ ಒಂದು ಮನೆಯ ಪಾಲಿನಿಂದಾಗಿ ತಾನಾಗಿಯೇ ಒದಗಿಬಂದಿತ್ತು.

ಗದ್ದೆಯಲ್ಲಿ ಕಂಡದ್ದು

ಮಲಗಿದ ಪೈರಿನಲ್ಲಿ ನಾಲ್ಕಾರು ಬುಡಗಳನ್ನು ಬೇರು ಸಹಿತ ಕಿತ್ತು ಬದುವಿನ ಮೇಲೆ ಹರಡಿಕೊಂಡು ನೋಡಿದೆವು. ಬೇರು ಕಿತ್ತು ಬಂದಿರಲಿಲ್ಲ, ಕಾಂಡ ಮುರಿದೂ ಇರಲಿಲ್ಲ. ಬುಡದಿಂದ ಎರಡನೆಯ ಮತ್ತು ಮೂರನೆಯ ಗೆಣ್ಣುಗಳ ನಡುವೆ ಕಾಂಡ ಚಪ್ಪಟೆಯಾಗಿ ಮಡಚಿಕೊಂಡಿತ್ತು. ಆ ಭಾಗವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಯಾವ ಪ್ರತಿರೋಧವೂ ಇಲ್ಲದೆ ತಗ್ಗುತ್ತಿತ್ತು. ಐಆರ್-64ರ ಕಾಂಡದಲ್ಲಿ ಅದೇ ಗೆಣ್ಣುಗಳ ನಡುವಿನ ಅಂತರ ಕಡಿಮೆ, ಗೋಡೆ ದಪ್ಪ. ಒತ್ತಿದರೆ ಬೆರಳಿಗೆ ಗಟ್ಟಿ ಸಿಗುತ್ತಿತ್ತು. ಎತ್ತಿ ನಿಲ್ಲಿಸಿದರೆ ರಾಜಮುಡಿ ಆಳಿನ ಎದೆಯವರೆಗೆ ಬರುತ್ತಿತ್ತು, ಐಆರ್-64 ಸೊಂಟವನ್ನು ದಾಟುತ್ತಿರಲಿಲ್ಲ. ತೆನೆಗಳನ್ನು ಬಿಡಿಸಿ ನೋಡಿದಾಗ ರಾಜಮುಡಿಯ ತೆನೆಯ ತುದಿಯ ಕಾಳುಗಳು ಗಟ್ಟಿಯಾಗತೊಡಗಿದ್ದರೂ ಕೆಳಗಿನ ಕಾಳುಗಳು ಉಗುರಿನಲ್ಲಿ ಒತ್ತಿದರೆ ಇನ್ನೂ ಹಾಲು ಸುರಿಸುತ್ತಿದ್ದವು. ಆ ಹಂತದಲ್ಲಿ ಮಲಗಿದ ಪೈರಿನಲ್ಲಿ ಎಲೆಯ ಮೇಲೆ ಎಲೆ ಬಿದ್ದು ಬೆಳಕು ಸಿಗುವುದಿಲ್ಲ, ಮಡಚಿದ ಕಾಂಡದಲ್ಲಿ ಆಹಾರ ಸಲೀಸಾಗಿ ಮೇಲೇರುವುದಿಲ್ಲ. ಹಾಲು ತುಂಬಬೇಕಾದ ಕಾಳುಗಳಲ್ಲಿ ಬಹಳಷ್ಟು ಜೊಳ್ಳಾಗುತ್ತವೆ. ನೆಲಕ್ಕೆ ತಾಗಿದ ತೆನೆಗಳಲ್ಲಿ ಬಲಿತ ಕಾಳು ಅಲ್ಲೇ ಮೊಳಕೆಯೊಡೆಯುತ್ತದೆ.

ಇವೆಲ್ಲಕ್ಕಿಂತ ಮಹತ್ವದ ಸುಳಿವು ಗದ್ದೆಯ ಪಡುವಣ ಮೂಲೆಯಲ್ಲಿತ್ತು. ಅಲ್ಲಿ ಒಂದು ಪಟ್ಟಿಯಷ್ಟು ರಾಜಮುಡಿ ಬಾಗಿತ್ತೇ ವಿನಾ ಮಲಗಿರಲಿಲ್ಲ. ಬಣ್ಣವೂ ಉಳಿದ ಪೈರಿಗಿಂತ ತಿಳಿ. ಕೇಳಿದಾಗ, ಕೊನೆಯ ಕಂತಿನ ಮೇಲುಗೊಬ್ಬರ ಎರಚುವಾಗ ಆ ಮೂಲೆಗೆ ಬರುವಷ್ಟರಲ್ಲಿ ಯೂರಿಯಾ ಮುಗಿದುಹೋಗಿತ್ತೆಂದು ಹಿರಿಯರು ಹೇಳಿದರು. ಅದೇ ಬೀಜ, ಅದೇ ಗಾಳಿ, ಅದೇ ಮಳೆ. ಒಂದು ಕಂತು ಯೂರಿಯಾ ತಪ್ಪಿದ ಕಡೆ ಪೈರು ನಿಂತಿದೆ. ಪ್ರಶ್ನೆಯ ಅರ್ಧ ಉತ್ತರ ಆ ಮೂಲೆಯಲ್ಲೇ ಇತ್ತು. ಯೂರಿಯಾದ ಚೀಲವೊಂದರಲ್ಲಿ 45 ಕೆ.ಜಿ. ಗೊಬ್ಬರವಿದ್ದು, ಅದರಲ್ಲಿ ಶೇ. 46ರಷ್ಟು ಸಾರಜನಕ. ಎರಡು ಚೀಲವೆಂದರೆ ಎಕರೆಗೆ 41 ಕೆ.ಜಿ.ಗಿಂತ ಹೆಚ್ಚು ಸಾರಜನಕ. ಇದು ಗಿಡ್ಡ ತಳಿಗಳಿಗೆ ಒಪ್ಪುವ ಪ್ರಮಾಣ. ಎತ್ತರದ ನಾಡತಳಿಗೆ ಅಷ್ಟು ಕೊಟ್ಟರೆ ಅದು ಕಾಳಿಗಿಂತ ಮೊದಲು ಕಾಂಡಕ್ಕೆ ಹೋಗಿ, ಗೆಣ್ಣುಗಳ ನಡುವಿನ ಭಾಗ ಉದ್ದವಾಗಿ, ಗೋಡೆ ತೆಳುವಾಗುತ್ತದೆ. ಅದರ ಮೇಲೆ ತೆನೆಯ ಭಾರ, ಎಲೆಯ ಮೇಲೆ ನಿಂತ ಮಳೆನೀರಿನ ಭಾರ.

ಉಳಿದರ್ಧ ಉತ್ತರ, ಅಂದರೆ ಅಷ್ಟೇ ಯೂರಿಯಾ ತಿಂದ ಐಆರ್-64 ಏಕೆ ಉದ್ದವಾಗಲಿಲ್ಲ ಎಂಬುದು, ಸಸ್ಯ ಹಾರ್ಮೋನಿನ ವಂಶವಾಹಿಗಳಿಗೆ ಸೇರಿದ ವಿಚಾರ.

ಎತ್ತರವನ್ನು ನಿರ್ಧರಿಸುವ ಹಾರ್ಮೋನು

ಗಿಡದ ಕಾಂಡವನ್ನು ಉದ್ದ ಮಾಡುವ ಮುಖ್ಯ ಹಾರ್ಮೋನು ಜಿಬ್ಬರೆಲಿನ್. ಇದು ಪತ್ತೆಯಾದದ್ದೇ ಭತ್ತದ ಒಂದು ರೋಗದಿಂದ. ಬಕಾನೆ ರೋಗ ತಗುಲಿದ ಸಸಿಗಳು ಅಸಹಜವಾಗಿ ಎತ್ತರ ಬೆಳೆದು, ಬಡಕಲಾಗಿ ಬೀಳುತ್ತವೆ. ಆ ರೋಗ ತರುವ ಶಿಲೀಂಧ್ರವು ಒಸರುವ ಯಾವುದೋ ವಸ್ತುವೇ ಸಸಿಯನ್ನು ಹಾಗೆ ಎಳೆಯುತ್ತದೆ ಎಂಬುದನ್ನು 1926ರಲ್ಲಿ ಕುರೊಸಾವಾ ಎಂಬ ವಿಜ್ಞಾನಿ ತೋರಿಸಿದರು. ಅದೇ ವಸ್ತುವನ್ನು ಗಿಡಗಳು ತಾವೂ ತಯಾರಿಸಿಕೊಳ್ಳುತ್ತವೆಂಬುದು ಆಮೇಲೆ ತಿಳಿದ ಸಂಗತಿ. ಇಂದು ದ್ರಾಕ್ಷಿ ಬೆಳೆಗಾರರು ಹಣ್ಣಿನ ಗಾತ್ರ ಹೆಚ್ಚಿಸಲು ಸಿಂಪಡಿಸುವ ಜಿ.ಎ., ಅಂದರೆ ಜಿಬ್ಬರೆಲಿಕ್ ಆಮ್ಲ, ಇದೇ.

ಐಆರ್-64ರ ಗಿಡ್ಡತನದ ಮೂಲ ಡೀ-ಜಿಯೊ-ವೂ-ಜೆನ್ ಎಂಬ ತೈವಾನಿನ ತಳಿ. ಅದನ್ನು ಇಂಡೋನೇಷ್ಯಾದ ಎತ್ತರದ ಪೇಟಾ ತಳಿಯೊಡನೆ ಸಂಕರಗೊಳಿಸಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್-8 ಬಿಡುಗಡೆ ಮಾಡಿತು. ಆ ಗಿಡ್ಡತನವೇ ಜಯದಂತಹ ನಮ್ಮ ದೇಶದ ತಳಿಗಳಲ್ಲೂ ಐಆರ್-64ರಲ್ಲೂ ಇದೆ. ಅದಕ್ಕೆ ಕಾರಣವಾದ ಎಸ್‌ಡಿ-1 ವಂಶವಾಹಿ ಏನು ಮಾಡುತ್ತದೆಂಬುದು ತಿಳಿದದ್ದು ಮಾತ್ರ 2002ರಲ್ಲಿ. ಜಿಬ್ಬರೆಲಿನ್ ತಯಾರಿಕೆಯ ಕೊನೆಯ ಹಂತಗಳಲ್ಲಿ ಕೆಲಸ ಮಾಡುವ ಒಂದು ಕಿಣ್ವದ ವಂಶವಾಹಿಯಲ್ಲಿ ಡಿಎನ್ಎಯ 383 ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುವುದರಿಂದ ಕಾಂಡದಲ್ಲಿ ಹಾರ್ಮೋನು ಕಡಿಮೆ ತಯಾರಾಗುತ್ತದೆ, ಗಿಡ ಗಿಡ್ಡವಾಗುತ್ತದೆ. ಇದೇ ಕೆಲಸ ಮಾಡುವ ಇನ್ನೊಂದು ವಂಶವಾಹಿ ಹೂವಿನ ಭಾಗದಲ್ಲಿ ಸರಿಯಾಗಿಯೇ ಇರುವುದರಿಂದ ತೆನೆಗೆ ಧಕ್ಕೆಯಾಗುವುದಿಲ್ಲ. ಕಾಂಡ ತಗ್ಗಿ ತೆನೆ ಉಳಿಯುವ ಈ ಹೊಂದಾಣಿಕೆಯೇ ಕೋಟ್ಯಂತರ ಜನರ ಹೊಟ್ಟೆ ತುಂಬಿಸಿತೆಂಬುದನ್ನು ನೆನೆದಾಗ ನನಗೆ ಪ್ರತಿಸಲವೂ ವಿಸ್ಮಯವಾಗುತ್ತದೆ.

ಗೋಧಿಯ ದಾರಿ ಬೇರೆ

ಇಲ್ಲಿ ಗೋಧಿಯನ್ನು ತರಲು ಕಾರಣವಿದೆ. ಕರ್ನಾಟಕದಲ್ಲಿ ಗೋಧಿ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಹಿಂಗಾರಿ ಬೆಳೆ. ಹಾಸನದ ರೈತರಿಗೆ ಅದು ಅಂಗಡಿಯಿಂದ ಬರುವ ಧಾನ್ಯ. ಆದರೆ ಎತ್ತರ, ಗೊಬ್ಬರ ಮತ್ತು ಇಳುವರಿಯ ನಡುವಿನ ಸಂಬಂಧವನ್ನು ವಂಶವಾಹಿಯ ಮಟ್ಟದಲ್ಲಿ ಬಹಳ ಆಳವಾಗಿ ಬಗೆದು ನೋಡಿರುವ ಬೆಳೆಗಳಲ್ಲಿ ಗೋಧಿಯೂ ಒಂದು, ಮತ್ತು ಅಲ್ಲಿ ಕಂಡುಬಂದ ತೊಡಕುಗಳು ನಮ್ಮ ಭತ್ತಕ್ಕೂ ಪಾಠ.

ಜಪಾನಿನಲ್ಲಿ ಇನಾಜುಕಾ ಅವರು ಬೆಳೆಸಿ 1935ರಲ್ಲಿ ಹೊರಬಂದ ನೋರಿನ್-10 ಎಂಬ ಗಿಡ್ಡ ಗೋಧಿ, ಯುದ್ಧ ಮುಗಿದ ಮೇಲೆ 1946ರಲ್ಲಿ ಅಮೆರಿಕ ಸೇರಿತು. ವಾಷಿಂಗ್ಟನ್ ರಾಜ್ಯದಲ್ಲಿ ಆರ್ವಿಲ್ ವೋಗೆಲ್ ಅದನ್ನು ಅಲ್ಲಿನ ತಳಿಗಳೊಡನೆ ಸಂಕರಗೊಳಿಸಿದರು. ಅವರಿಂದ ಬೀಜ ಪಡೆದ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಸೊನೊರಾ-64, ಲೆರ್ಮಾ ರೋಹೊ ಮುಂತಾದ ತಳಿಗಳನ್ನು ರೂಪಿಸಿದರು. ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರ ಒತ್ತಾಸೆಯಿಂದ ಭಾರತ 1966ರಲ್ಲಿ 18,000 ಟನ್ ಬೀಜವನ್ನು ಮೆಕ್ಸಿಕೋದಿಂದ ತರಿಸಿತು. 1964-65ರಲ್ಲಿ 1.23 ಕೋಟಿ ಟನ್ನಿನಷ್ಟಿದ್ದ ದೇಶದ ಗೋಧಿ ಉತ್ಪಾದನೆ 1967-68ರಲ್ಲಿ 1.65 ಕೋಟಿ ಟನ್ನಿಗೇರಿತು.

ನೋರಿನ್-10ರಿಂದ ಬಂದ ಎರಡು ವಂಶವಾಹಿಗಳನ್ನು ಆರ್‌ಎಚ್‌ಟಿ-ಬಿ1ಬಿ, ಆರ್‌ಎಚ್‌ಟಿ-ಡಿ1ಬಿ ಎಂದು ಕರೆಯುತ್ತಾರೆ. 1999ರಲ್ಲಿ ಇವುಗಳ ಕಾರ್ಯವಿಧಾನ ಬಯಲಾಯಿತು. ಗಿಡದ ಜೀವಕೋಶದಲ್ಲಿ ಬೆಳವಣಿಗೆಯನ್ನು ತಡೆಹಿಡಿಯುವ ಡೆಲ್ಲಾ ಎಂಬ ಪ್ರೋಟೀನು ಇರುತ್ತದೆ. ಜಿಬ್ಬರೆಲಿನ್ ಬಂದಾಗ ಅದು ತನ್ನ ಗ್ರಾಹಕದ ಮೂಲಕ ಡೆಲ್ಲಾವನ್ನು ನಾಶಕ್ಕೆ ಗುರಿಮಾಡುತ್ತದೆ, ತಡೆ ಕಳಚಿ ಕಾಂಡ ಬೆಳೆಯುತ್ತದೆ. ನೋರಿನ್-10ರ ವಂಶವಾಹಿಗಳಲ್ಲಿ ಒಂದೊಂದೇ ಅಕ್ಷರ ಬದಲಾಗಿ, ಹಾರ್ಮೋನಿನ ಸಂದೇಶವನ್ನು ಗುರುತಿಸಬೇಕಾದ ಡೆಲ್ಲಾದ ಆರಂಭದ ತುಣುಕೇ ಇಲ್ಲವಾಗಿದೆ. ಹಾರ್ಮೋನು ಎಷ್ಟೇ ಇದ್ದರೂ ತಡೆ ಕಳಚುವುದಿಲ್ಲ. ಭತ್ತದಲ್ಲಿ ಹಾರ್ಮೋನು ಕಡಿಮೆಯಾದದ್ದರಿಂದ ಗಿಡ್ಡ, ಗೋಧಿಯಲ್ಲಿ ಹಾರ್ಮೋನಿನ ಮಾತು ಕೇಳದ್ದರಿಂದ ಗಿಡ್ಡ.

ಈ ವ್ಯತ್ಯಾಸವನ್ನು ಹಿರಿಯರಿಗೂ ಹುಡುಗನಿಗೂ ಕಣ್ಣಾರೆ ತೋರಿಸಬೇಕೆನಿಸಿತು. ಪ್ಲಾಸ್ಟಿಕ್ ಟ್ರೇಗಳಲ್ಲಿ ರಾಜಮುಡಿ, ಐಆರ್-64, ಧಾರವಾಡದ ಕಡೆಯಿಂದ ತಂದ ಒಂದು ಗಿಡ್ಡ ಗೋಧಿ ಮತ್ತು ಅಲ್ಲಿಯದೇ ಹಳೆಯ ಎತ್ತರದ ಖಪ್ಲಿ ಗೋಧಿಯನ್ನು ಬಿತ್ತಿ, ಸಸಿಗಳು ಎರಡೆಲೆಯಾದಾಗ ಪ್ರತಿ ಟ್ರೇಯ ಅರ್ಧಕ್ಕೆ ನೀರನ್ನೂ ಇನ್ನರ್ಧಕ್ಕೆ ಲೀಟರಿಗೆ ಹತ್ತು ಮಿಲಿಗ್ರಾಂ ಜಿಬ್ಬರೆಲಿಕ್ ಆಮ್ಲ ಬೆರೆಸಿದ ನೀರನ್ನೂ ಸಿಂಪಡಿಸಿದೆವು. ಆ ಪುಡಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲು ತುಸು ಸ್ಪಿರಿಟ್ಟಿನಲ್ಲಿ ಕರಗಿಸಿಕೊಳ್ಳಬೇಕು. ವಾರ ಕಳೆಯುವುದರೊಳಗೆ ಫಲಿತಾಂಶ ಸ್ಪಷ್ಟವಾಯಿತು. ಐಆರ್-64ರ ಸಿಂಪಡಿಸಿದ ಸಾಲುಗಳು ಎಲೆ ತಿಳಿಯಾಗಿ, ಸೆಳೆದುಕೊಂಡು, ಸಿಂಪಡಿಸದ ರಾಜಮುಡಿಯನ್ನೂ ಮೀರಿ ನಿಂತವು. ರಾಜಮುಡಿ ಮತ್ತು ಖಪ್ಲಿಯ ಸಸಿಗಳೂ ಎತ್ತರವಾದವು. ಗಿಡ್ಡ ಗೋಧಿಯ ಟ್ರೇಯಲ್ಲಿ ಮಾತ್ರ ಸಿಂಪಡಿಸಿದ ಅರ್ಧ ಯಾವುದು, ಸಿಂಪಡಿಸದ ಅರ್ಧ ಯಾವುದು ಎಂದು ಚೀಟಿ ನೋಡದೆ ಹೇಳಲಾಗುತ್ತಿರಲಿಲ್ಲ.

ನಾಲೆಯ ನೀರಿನಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಹೀಗೆ ವಿವರಿಸಿದೆ: ಐಆರ್-64ರಲ್ಲಿ ತೂಬು ಚೆನ್ನಾಗಿದೆ, ನಾಲೆಯಲ್ಲಿ ನೀರು ಕಮ್ಮಿ, ಗೋಧಿಯಲ್ಲಿ ನಾಲೆ ತುಂಬ ನೀರಿದೆ, ತೂಬಿನ ಹಲಗೆ ಮೇಲೇಳುವುದಿಲ್ಲ. ಹಿರಿಯರು ಸ್ವಲ್ಪ ಯೋಚಿಸಿ, "ಹಂಗಾದ್ರೆ ನಮ್ಮ ರಾಜಮುಡೀಲಿ ಎರಡೂ ಸರಿಯಾಗೈತೆ. ಅದಕ್ಕೇ ಬಿದ್ದದ್ದು," ಎಂದರು. ಅವರ ಮೊದಲ ಪ್ರಶ್ನೆಗೆ ಇದಕ್ಕಿಂತ ಚೊಕ್ಕವಾದ ಉತ್ತರವನ್ನು ನಾನು ಕೊಡಲಾರೆ. ಬೀಜದಲ್ಲಿ ಸತ್ವ ಕಡಿಮೆಯಾಗಿ ಪೈರು ಬಿದ್ದದ್ದಲ್ಲ. ಗಿಡ್ಡ ತಳಿಗೆಂದು ಲೆಕ್ಕ ಹಾಕಿದ ಗೊಬ್ಬರವನ್ನು, ಹಾರ್ಮೋನು ಪೂರ್ಣವಾಗಿ ಕೆಲಸ ಮಾಡುವ ತಳಿಗೆ ಉಣಿಸಿದ್ದರಿಂದ ಬಿದ್ದದ್ದು.

ಗಿಡ್ಡತನಕ್ಕೆ ತೆರುವ ಬೆಲೆ

ಹಾಗಾದರೆ ಎಲ್ಲರೂ ಗಿಡ್ಡ ತಳಿಗೇ ಹೋಗಬಾರದೇಕೆ ಎಂದು ಹುಡುಗ ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮತ್ತೆ ಗೋಧಿಯಿಂದಲೇ ಸಿಗುತ್ತದೆ.

ಡೆಲ್ಲಾ ತಡೆಯುವುದು ಕಾಂಡವನ್ನು ಮಾತ್ರವಲ್ಲ. ಅದು ನಾಶವಾಗದೆ ಉಳಿದು ಕೂಡಿಕೊಂಡ ಗಿಡದಲ್ಲಿ ಸಾರಜನಕವನ್ನು ಹೀರಿ ಬಳಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಭತ್ತದಲ್ಲೂ ಗೋಧಿಯಲ್ಲೂ ಇದು ಹೀಗೆಯೇ ಎಂಬುದನ್ನು 2018ರಲ್ಲಿ ಪ್ರಕಟವಾದ ಚೀನೀ ವಿಜ್ಞಾನಿಗಳ ಸಂಶೋಧನೆ ತೋರಿಸಿತು. ಜಿಆರ್‌ಎಫ್-4 ಎಂಬ ಇನ್ನೊಂದು ವಂಶವಾಹಿಯನ್ನು ಹೆಚ್ಚು ಚುರುಕಾಗಿಸಿದರೆ ಗಿಡ್ಡತನ ಉಳಿದೂ ಸಾರಜನಕದ ಬಳಕೆ ಸುಧಾರಿಸುತ್ತದೆಂದೂ ಅವರು ಕಂಡುಕೊಂಡರು. ಗಿಡ್ಡ ತಳಿಗಳು ಹೆಚ್ಚು ಯೂರಿಯಾವನ್ನು ತಡೆದುಕೊಳ್ಳುತ್ತವೆ ಎಂಬ ಮಾತಿನ ಇನ್ನೊಂದು ಮುಖ ಇದು: ಅವುಗಳಿಗೆ ಹೆಚ್ಚು ಯೂರಿಯಾ ಬೇಕೇ ಬೇಕು. ಗೋಧಿಯಲ್ಲಿ ಇದರ ಜೊತೆಗೆ ಕಾಳಿನ ಗಾತ್ರ ತಗ್ಗುತ್ತದೆ. ಮೊಳಕೆಯನ್ನು ಹೊದ್ದು ಮಣ್ಣಿನಿಂದ ಮೇಲೆ ತರುವ ಮುಂಚಿಪ್ಪು ಗಿಡ್ಡವಾಗುವುದರಿಂದ ಆಳಕ್ಕೆ ಬಿತ್ತಿದ ಬೀಜ ಮೇಲೇಳಲು ತಿಣುಕುತ್ತದೆ. ಮೇಲ್ಮಣ್ಣು ಬೇಗ ಒಣಗುವ ಮಳೆಯಾಶ್ರಿತ ಹೊಲದಲ್ಲಿ ಇದು ಸಣ್ಣ ತೊಂದರೆಯಲ್ಲ.

2023ರಲ್ಲಿ ಚೀನಾ ಕೃಷಿ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಕೆಲಸ ಈ ದೃಷ್ಟಿಯಿಂದ ಬಹಳ ಮುಖ್ಯವೆಂದು ನನ್ನ ಭಾವನೆ. ಕೆಲವು ಗೋಧಿ ಗಿಡಗಳಲ್ಲಿ ಸುಮಾರು ಐದು ಲಕ್ಷ ಅಕ್ಷರಗಳಷ್ಟು ಉದ್ದದ ತುಂಡೊಂದು ಸಹಜವಾಗಿಯೇ ಕಳೆದುಹೋಗಿರುವುದನ್ನು ಅವರು ಗುರುತಿಸಿದರು. ಆ ತುಂಡಿನೊಂದಿಗೆ ಡೆಲ್ಲಾದ ವಂಶವಾಹಿಯಾದ ಆರ್‌ಎಚ್‌ಟಿ-ಬಿ1 ಹೋಗಿದೆ, ಅಂದರೆ ತಡೆಯೇ ಕಡಿಮೆಯಾಗಿದೆ, ಗಿಡ ಎತ್ತರವಾಗಬೇಕಿತ್ತು. ಆದರೆ ಪಕ್ಕದಲ್ಲಿದ್ದ ಝಡ್‌ಎನ್‌ಎಫ್-ಬಿ ಎಂಬ ವಂಶವಾಹಿಯೂ ಜೊತೆಯಲ್ಲೇ ಹೋಗಿದೆ. ಅದರ ಕೆಲಸ ಬ್ರಾಸಿನೊಸ್ಟೀರಾಯ್ಡ್ ಎಂಬ ಬೇರೊಂದು ಹಾರ್ಮೋನಿನ ಸಂದೇಶವನ್ನು ಮುಂದೆ ಸಾಗಿಸುವುದು. ಅದಿಲ್ಲದೆ ಆ ಸಂದೇಶ ದುರ್ಬಲವಾಗಿ, ಗಿಡ ಗಿಡ್ಡವಾಗಿಯೂ ನೆಟ್ಟಗೂ ಉಳಿಯುತ್ತದೆ. ಒಂದು ಹಾರ್ಮೋನಿನ ತಡೆ ಸಡಿಲಗೊಂಡು ಸಾರಜನಕದ ಬಳಕೆ ಮತ್ತು ಕಾಳು ಸುಧಾರಿಸಿದವು, ಇನ್ನೊಂದು ಹಾರ್ಮೋನು ತಗ್ಗಿ ಎತ್ತರ ಹತೋಟಿಯಲ್ಲಿ ಉಳಿಯಿತು. ಹೊಲದ ಪ್ರಯೋಗಗಳಲ್ಲಿ ಇಳುವರಿ ಶೇ. 15.2ರವರೆಗೂ ಹೆಚ್ಚಿತೆಂದು ಅವರು ವರದಿ ಮಾಡಿದ್ದಾರೆ. ಅರವತ್ತು ವರ್ಷಗಳಿಂದ ಒಂದೇ ಜೋಡಿ ವಂಶವಾಹಿಗಳನ್ನು ನೆಚ್ಚಿಕೊಂಡ ಬೆಳೆಗೆ ಇದು ನಿಜಕ್ಕೂ ಹೊಸ ದಾರಿ.

ಕಾಳಿನ ಸಂಖ್ಯೆಯನ್ನೇ ಹೆಚ್ಚಿಸುವ ಮೂರನೆಯ ದಾರಿ ಸೈಟೊಕೈನಿನ್ ಹಾರ್ಮೋನಿನದು. ಅದನ್ನು ಒಡೆಯುವ ಕಿಣ್ವದ ವಂಶವಾಹಿ ದುರ್ಬಲವಾದರೆ ತೆನೆಯಲ್ಲಿ ಕಾಳು ಹೆಚ್ಚುತ್ತದೆಂದು 2005ರಲ್ಲಿ ಜಪಾನಿನ ಸಂಶೋಧಕರು ಭತ್ತದಲ್ಲಿ ತೋರಿಸಿದ್ದರು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಸಾಂಬಾ ಮಸೂರಿಯಲ್ಲಿ ಇದೇ ವಂಶವಾಹಿಯನ್ನು ತಿದ್ದಿ ರೂಪಿಸಿದ ಕಮಲಾ ತಳಿಯನ್ನು 2025ರ ಮೇ ತಿಂಗಳಲ್ಲಿ ಘೋಷಿಸಲಾಯಿತು. ಆದರೆ ತೆನೆಯ ಭಾರ ಹೆಚ್ಚಿಸುವ ಯಾವ ವಂಶವಾಹಿಯಾದರೂ ಎತ್ತರದ ತಳಿಗೆ ಬಂದರೆ ಮಲಗುವ ಸಮಸ್ಯೆಯನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಕಾಂಡ ಮೊದಲು, ತೆನೆ ಆಮೇಲೆ.

ಕೊಟ್ಟ ಸಲಹೆ ಮತ್ತು ಮುಂದಿನ ಬೆಳೆ

ರಾಜಮುಡಿಯನ್ನು ಕೈಬಿಡಿ ಎಂದು ಹೇಳಲು ನನಗೆ ಮನಸ್ಸಿರಲಿಲ್ಲ, ಕಾರಣವೂ ಇರಲಿಲ್ಲ. ಅದರ ಅಕ್ಕಿಗೆ ಬೇರೆ ಬೆಲೆಯಿದೆ. ಮನೆಯಲ್ಲಿ ಹಸುಗಳಿವೆ; ಅದರ ಉದ್ದದ ಹುಲ್ಲು ವರ್ಷವಿಡೀ ಮೇವಾಗುತ್ತದೆ. ಗಿಡ್ಡ ತಳಿಯ ಲೆಕ್ಕದಲ್ಲಿ ಈ ಎರಡೂ ಬರುವುದಿಲ್ಲ.

ಅಂಗಡಿಯಲ್ಲಿ ಯಾರೋ ಲಿಹೋಸಿನ್ ಹೊಡೆಯಲು ಹೇಳಿದ್ದರಂತೆ. ಅದು ಜಿಬ್ಬರೆಲಿನ್ ತಯಾರಿಕೆಯನ್ನು ತಡೆಯುವ ಕ್ಲೋರ್ಮೆಕ್ವಾಟ್ ಎಂಬ ರಾಸಾಯನಿಕ; ಉತ್ತರ ಭಾರತದಲ್ಲಿ ಬೇಗ ಬಿತ್ತಿ ಹೆಚ್ಚು ಗೊಬ್ಬರ ಕೊಡುವ ಗೋಧಿಗೆ ಮಲಗದಿರಲೆಂದು ಶಿಫಾರಸು ಮಾಡುತ್ತಾರೆ. ಹೆಚ್ಚು ಯೂರಿಯಾ ಕೊಟ್ಟು ಗಿಡವನ್ನು ಎಳೆದು, ಆಮೇಲೆ ಇನ್ನೊಂದು ಸಿಂಪಡಣೆಯಿಂದ ಅದನ್ನು ತಗ್ಗಿಸುವುದು ರಾಜಮುಡಿಯಂತಹ ಬೆಳೆಗೆ ವ್ಯರ್ಥ ಖರ್ಚು. ಹಾಗಾಗಿ ಬೇಡವೆಂದೆ.

ಬದಲಿಗೆ ಯೂರಿಯಾವನ್ನು ಅರ್ಧಕ್ಕಿಳಿಸಿ, ಅದನ್ನೂ ತೆಂಡೆ ಒಡೆಯುವ, ಅಂದರೆ ಬುಡದಿಂದ ಹೊಸ ಕವಲುಗಳು ಬರುವ, ಹೊತ್ತಿಗೇ ಮುಗಿಸಿ, ಹೊಡೆಯಾಗುವಾಗ ಏನೂ ಕೊಡದಿರಲು ಹೇಳಿದೆ. ಪೊಟ್ಯಾಷ್ ತಪ್ಪಿಸದಂತೆ, ಸಾಲುಗಳ ನಡುವೆ ಅಂತರ ಹೆಚ್ಚಿಸುವಂತೆ, ತೆಂಡೆ ಒಡೆದು ಮುಗಿಯುವಾಗ ಒಮ್ಮೆ ನೀರು ಬಸಿದು ನೆಲ ಬಿಗಿಯಾಗಲು ಬಿಡುವಂತೆ ಸೂಚಿಸಿದೆ. ಮಗನ ಐಆರ್-64ಕ್ಕೆ ಮೊದಲಿನ ಪ್ರಮಾಣವೇ ಇರಲಿ ಎಂದೆ. ಒಂದೇ ಚೀಲದಿಂದ ಇಬ್ಬರೂ ಗೊಬ್ಬರ ಎರಚುವ ಪದ್ಧತಿ ಅಲ್ಲಿಗೆ ನಿಂತಿತು.

ಮರುವರ್ಷ ನಾಲೆಯ ಜಿನುಗು ನಿಲ್ಲುವ ತಗ್ಗಿನಲ್ಲಿ ಪೈರು ಮಲಗಿತು, ಉಳಿದ ಕಡೆ ಬಾಗಿದರೂ ನಿಂತಿತು. ಇಳುವರಿ ಮಗನ ಗದ್ದೆಯ ಸಮಕ್ಕೆ ಬರಲಿಲ್ಲ. ಬರುವ ನಿರೀಕ್ಷೆಯೂ ಇರಲಿಲ್ಲ. ಆದರೆ ಕಾಳು ತುಂಬಿತ್ತು, ಮೊಳೆತು ಹಾಳಾದದ್ದು ಇರಲಿಲ್ಲ, ಕೊಯ್ಲಿನ ಕೂಲಿಯೂ ಇಳಿಯಿತು.

ಗೊಬ್ಬರದ ತಿದ್ದುಪಡಿ ತಕ್ಷಣದ ಪರಿಹಾರ. ಮುಂದಿನದಕ್ಕೆ ತಳಿಯಲ್ಲೇ ಸುಧಾರಣೆ ಬೇಕು, ಮತ್ತು ಅದಕ್ಕೆ ಮಾದರಿಗಳಿವೆ. ಛತ್ತೀಸಗಢದ ಎತ್ತರದ ಸುಗಂಧ ತಳಿ ದುಬ್ರಾಜನ್ನು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ರಾಯಪುರದ ಇಂದಿರಾ ಗಾಂಧಿ ಕೃಷಿ ವಿಶ್ವವಿದ್ಯಾಲಯ ಸೇರಿ ವಿಕಿರಣದ ಸಹಾಯದಿಂದ ಗಿಡ್ಡ ಮಾಡಿ ಹೊರತಂದಿವೆ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜೇ ಇರುವಾಗ, ಈ ಜಿಲ್ಲೆಯದೇ ತಳಿಯಾದ ರಾಜಮುಡಿಗೆ ಅಂಥ ಕೆಲಸ ಇಲ್ಲಿಯೇ, ಇಲ್ಲಿನ ರೈತರ ಗದ್ದೆಗಳಲ್ಲಿ ನಡೆಯಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಪೂರಾ ಗಿಡ್ಡವೂ ಬೇಡ. ಒಂದು ಮೊಳ ತಗ್ಗಿದರೆ ಹುಲ್ಲೂ ಉಳಿಯುತ್ತದೆ, ಪೈರೂ ನಿಲ್ಲುತ್ತದೆ. ಜಪಾನಿನ ಕೆಲವು ತಳಿಗಳಲ್ಲಿ ಎಸ್‌ಡಿ-1ರ ಇಂಥ ಸೌಮ್ಯ ರೂಪಗಳಿವೆ.

ಈ ನಡುವೆ ಹಿರಿಯರು ತಾವೇ ಒಂದು ಕೆಲಸ ಆರಂಭಿಸಿದ್ದಾರೆ. ನಾಡತಳಿಯಾದ್ದರಿಂದ ರಾಜಮುಡಿಯಲ್ಲಿ ಎಲ್ಲ ಗಿಡಗಳೂ ಒಂದೇ ಎತ್ತರವಿರುವುದಿಲ್ಲ. ತಗ್ಗಿನಲ್ಲಿ ಸುತ್ತಲಿನ ಪೈರು ಮಲಗಿದಾಗಲೂ ನಿಂತಿದ್ದ ಕೆಲವು ಗಿಡಗಳಿಗೆ ಅವರು ಬಾಳೆಪಟ್ಟೆ ಕಟ್ಟಿ ಗುರುತು ಮಾಡಿ, ತೆನೆಗಳನ್ನು ಬೇರೆಬೇರೆ ಕಾಗದದಲ್ಲಿ ಸುತ್ತಿಟ್ಟರು. ಇವುಗಳಲ್ಲಿ ಕೆಲವು ಬದುವಿನಾಚೆಯ ಐಆರ್-64ರ ಪರಾಗ ಬಿದ್ದು ಹುಟ್ಟಿದವೂ ಇರಬಹುದು. ಎಸ್‌ಡಿ-1 ಗುಪ್ತ ಗುಣವಾದ್ದರಿಂದ ಅಂಥ ಬೆರಕೆ ಮೊದಲ ತಲೆಮಾರಿನಲ್ಲಿ ಎತ್ತರವಾಗಿಯೇ ಇದ್ದು, ಎರಡನೆಯ ತಲೆಮಾರಿನಲ್ಲಿ ನಾಲ್ಕಕ್ಕೊಂದರಂತೆ ಗಿಡ್ಡ ಗಿಡಗಳು ಹೊರಬೀಳುತ್ತವೆ. ಆದ್ದರಿಂದ ಎಲ್ಲವನ್ನೂ ಕಲಸದೆ, ಒಂದು ತೆನೆಗೆ ಒಂದು ಸಾಲಿನಂತೆ ಈ ಮುಂಗಾರಿನಲ್ಲಿ ಒಟ್ಟಲು (ಸಸಿಮಡಿ) ಹಾಕಿದ್ದಾರೆ. ಸಾಲಿನೊಳಗೆ ಎತ್ತರ ಏರುಪೇರಾದರೆ ಅದು ಬೆರಕೆ. ಸಾಲು ಪೂರ್ತಿ ಒಂದೇ ಮಟ್ಟದಲ್ಲಿ ತಗ್ಗಿದ್ದು ಅಕ್ಕಿಯ ಬಣ್ಣವೂ ರುಚಿಯೂ ರಾಜಮುಡಿಯದೇ ಆಗಿದ್ದರೆ, ಅದರ ಬೀಜವನ್ನು ಮುಂದಿನ ವರ್ಷ ಒಂದು ಗುಂಟೆಗೆ ಹೆಚ್ಚಿಸುವುದೆಂದೂ, ಒಂದು ಪಾಲು ಯೂರಿಯಾ ಕೊಟ್ಟ ಪಟ್ಟಿಯಲ್ಲಿ, ಇನ್ನೊಂದನ್ನು ಕೊಡದ ಪಟ್ಟಿಯಲ್ಲಿ ಹಾಕಿ ನೋಡುವುದೆಂದೂ ದೊಡ್ಡಪ್ಪ ಮಗ ಇಬ್ಬರೂ ಸೇರಿ ತೀರ್ಮಾನಿಸಿದ್ದಾರೆ.